ಕಣ ಎಂದರೆ ರಸ್ತೆ

ಅಕ್ಕ ಸತ್ತ ದಿನ ಪೊಲೀಸಿನವರು ಬರೆದುಕೊಂಡ ನನ್ನ ಹೇಳಿಕೆಯಲ್ಲಿ ಒಂದು ಮಾತು ತಪ್ಪಾಗಿತ್ತು. ತಪ್ಪು ಬರೆದವರದ್ದಲ್ಲ, ಹೇಳಿದ ನನ್ನದು. "ಅಕ್ಕ ಕಣದಲ್ಲಿದ್ದಳು, ಕಾರು ಬಂದು ಹೊಡೆಯಿತು" ಎಂದಿದ್ದೆ. ಅವರು ಹಾಗೆಯೇ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ನಮ್ಮೂರಲ್ಲಿ ಈಗ ಕಣ ಅಂದರೆ ಟಾರು ರಸ್ತೆ. ಅದು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ.

ನಮ್ಮೂರು ಹಳೇಬೀಡಿನಿಂದ ಜಾವಗಲ್ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆ ರಸ್ತೆಯ ಅಂಚಿಗೇ ಇದೆ. ನನ್ನದು ದರ್ಜಿ ಕೆಲಸ. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸಣಕಲಾಯಿತು, ಹತ್ತನೇ ತರಗತಿ ಮುಗಿಸಿ ಹೊಲಿಗೆ ಕಲಿತೆ. ಕಿಟಕಿಯ ಪಕ್ಕ ಮಿಷನ್ ಇಟ್ಟುಕೊಂಡು ಊರ ಹೆಂಗಸರ ರವಿಕೆ, ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾದ ನಾಲ್ಕನೇ ವರ್ಷ ಗಂಡನನ್ನು ಕಳೆದುಕೊಂಡು ಮನೆಗೆ ವಾಪಸು ಬಂದಳು. ಹೊಲ ಅವಳದು, ಹೊಲಿಗೆ ನನ್ನದು ಎಂದು ಅವಳೇ ಹಂಚಿದ್ದಳು. "ಒಂದು ಕೊಂಬು ಜಾಸ್ತಿ ಕಣೋ ನಿಂಗೆ, ಅದಕ್ಕೇ ಕೂತ್ಕೊಂಡು ತಿಂತೀಯ" ಎಂದು ರೇಗಿಸುತ್ತಿದ್ದಳು. ಹಾಗೆ ಇಪ್ಪತ್ತೆಂಟು ವರ್ಷ ಕಳೆದೆವು.

ಹಿತ್ತಲಿನಲ್ಲಿ ಹಿಂದೆ ನಿಜವಾದ ಕಣ ಇತ್ತು. ಸಗಣಿ ಸಾರಿಸಿದ ನೆಲ, ನಡುವೆ ಮೇಟಿ ಕಂಬ, ಎಳೆಯಲು ಎತ್ತು, ಉರುಳಿಸಲು ಗುಂಡು. ಚಪ್ಪಲಿ ಹಾಕಿಕೊಂಡು ಅದರ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ. ಎತ್ತು ಮಾರಿದ ಮೇಲೆ ಅಕ್ಕ ಒಬ್ಬಳೇ ಕೋಲಿನಿಂದ ಬಡಿದು ಹುರುಳಿ ಬಿಡಿಸುತ್ತಿದ್ದಳು. ಸಂಜೆಗೆ ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಆಗ ರಸ್ತೆ ಅಗಲ ಮಾಡಿದರು. ಗುಂಡಿ ಹೋಗಿ ಕನ್ನಡಿಯಂಥ ಟಾರು ಬಂತು. ಹೆದ್ದಾರಿ ಎಂದು ಹಸಿರು ಬೋರ್ಡು ನೆಟ್ಟರು. ಬೇರೆ ಊರುಗಳಲ್ಲಿ ಮಾಡುವಂತೆ ನಮ್ಮವರೂ ರಾಗಿ, ಹುರುಳಿಯನ್ನು ರಸ್ತೆಗೆ ಹಾಸತೊಡಗಿದರು. ಬಸ್ಸು ಲಾರಿಗಳ ಚಕ್ರವೇ ಗುಂಡು, ಒಕ್ಕುವ ಕೆಲಸ ತಾನೇ ಆಗುತ್ತದೆ. ಅಕ್ಕ ಮೊದಲು ಒಪ್ಪಲಿಲ್ಲ.

"ಅನ್ನ ಕೊಡೋದನ್ನ ಟೈರಲ್ಲಿ ತುಳಿಸ್ತಾರಾ?" ಎಂದಳು.

"ಎತ್ತು ತುಳಿದ್ರೆ ಪುಣ್ಯ, ಟೈರು ತುಳಿದ್ರೆ ಪಾಪನಾ? ಹಾಸು ಸುಮ್ನೆ. ನಿನ್ನ ತೋಳು ನೋಡ್ಕೋ" ಎಂದೆ.

ರಸ್ತೆಗೆ ಹಾಸು ಎಂದವನು ನಾನು. ಇದನ್ನು ಪೊಲೀಸರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ.

ಆಮೇಲೆ ಅವಳಿಗೆ ಅದು ಹಬ್ಬದ ಥರ ಆಯಿತು. ಎರಡೂ ಕಡೆ ಕಲ್ಲಿಟ್ಟು ನಡುವೆ ಹುರುಳಿ ಗಿಡ ಹಾಸಿ, ಸೆರಗು ಸಿಕ್ಕಿಸಿ, ಕವೆಗೋಲು ಹಿಡಿದು ನಿಲ್ಲುತ್ತಿದ್ದಳು. ಒಂದು ಗಾಡಿ ಹೋದ ಮೇಲೆ ಗಿಡ ತಿರುವಿ ಹಾಕುವುದು, ಇನ್ನೊಂದಕ್ಕೆ ಕಾಯುವುದು. ಭಾರದ ಲಾರಿ ಬಂದರೆ ಕೈ ಬೀಸಿ ಕರೆಯುತ್ತಿದ್ದಳು. ಪಕ್ಕಕ್ಕೆ ತಪ್ಪಿಸಿಕೊಂಡು ಹೋದವರಿಗೆ, "ಯಾಕಪ್ಪಾ, ನಿನ್ನ ಟೈರಿಗೆ ಮುಳ್ಳು ಚುಚ್ತದಾ?" ಎನ್ನುವಳು. ಅರಸೀಕೆರೆ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು, "ಏನಕ್ಕಾ, ದಿನಾ ತುಳಿದುಕೊಡ್ತೀವಿ, ಕೂಲಿ ಇಲ್ವಾ?" ಎಂದು ಕೂಗಿದರೆ, "ಬಸ್ಸಾರು ಮಾಡಿರ್ತೀನಿ, ಡ್ರೈವರನ್ನೂ ಕರ್ಕಂಡು ಬಾ" ಎಂದು ಇವಳು ಕೂಗುವಳು. ಜೋರಾಗಿ ಹೋಗುವ ಗಾಡಿ ಕಂಡರೆ ಅವಳಿಗೆ ಇಷ್ಟ. ಜೋರು ಹೋದಷ್ಟೂ ಕಾಯಿ ಚೆನ್ನಾಗಿ ಸಿಡಿಯುತ್ತದೆ ಎನ್ನುತ್ತಿದ್ದಳು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಇಡೀ ಊರು ಹಾಗೆಯೇ ನಂಬಿತ್ತು.

ಅದು ಸಂಕ್ರಾಂತಿ ಕಳೆದ ಮೇಲಿನ ಒಂದು ಮಧ್ಯಾಹ್ನ. ಮೂರು ಗಂಟೆ ಇರಬೇಕು. ಪಕ್ಕದ ಮನೆಯವನ ಹುರುಳಿಯೂ ನಮ್ಮದೂ ಒಟ್ಟಿಗೆ ಹಾಸಿತ್ತು. ಅವನು ಊಟಕ್ಕೆ ಹೋಗಿದ್ದ. ಅಕ್ಕ ಹಳೇಬೀಡಿನ ದಿಕ್ಕಿಗೆ ಬೆನ್ನು ಮಾಡಿ ಗಿಡ ತಿರುವಿ ಹಾಕುತ್ತಿದ್ದಳು. ನಾನು ತಲೆ ತಗ್ಗಿಸಿ ಒಂದು ರವಿಕೆಯ ತೋಳು ಕೂಡಿಸುತ್ತಿದ್ದೆ. ಬ್ರೇಕಿನ ಶಬ್ದ ಬರಲಿಲ್ಲ. ಒಣಗಿದ ಹುರುಳಿ ಹುಲ್ಲಿನ ಮೇಲೆ ಏನೋ ಜಾರಿದ ಶಬ್ದ ಬಂತು, ಆಮೇಲೆ ಇನ್ನೊಂದು ಶಬ್ದ. ತಲೆ ಎತ್ತಿದಾಗ ಬಿಳಿ ಟ್ಯಾಕ್ಸಿಯೊಂದು ದೂರ ಅಡ್ಡಡ್ಡಲಾಗಿ ನಿಂತಿತ್ತು. ಅಕ್ಕ ನಿಂತಿದ್ದ ಜಾಗದಲ್ಲಿ ಇರಲಿಲ್ಲ.

ಕಾಲೆಳೆದುಕೊಂಡು ಹೋದೆ. ಚರಂಡಿಯ ಆಚೆ ಬಿದ್ದಿದ್ದಳು. ಅವಳ ಕೂದಲಿನಲ್ಲಿ ಹುರುಳಿ ಸಿಪ್ಪೆ ತುಂಬಿತ್ತು. ಅದನ್ನೇ ತೆಗೆಯುತ್ತಾ ಕೂತೆ. ಅಷ್ಟು ಬಿಟ್ಟು ಬೇರೇನೂ ಮಾಡಿದ ನೆನಪಿಲ್ಲ. ಆಂಬುಲೆನ್ಸು ಜಾವಗಲ್ಲು ದಾಟುವ ಮೊದಲೇ ಅವಳ ಕೈ ತಣ್ಣಗಾಯಿತು.

ನಾನು ಅವಳ ಜೊತೆ ಹೋಗಿದ್ದಾಗ ಊರಿನವರು ಎರಡು ಕೆಲಸ ಮಾಡಿದರು. ಟ್ಯಾಕ್ಸಿಯವನನ್ನು ಹೊಡೆದರು. ಮತ್ತೆ ರಸ್ತೆಯನ್ನು ಗುಡಿಸಿದರು. ಪೊಲೀಸರು ಬಂದರೆ ಎಲ್ಲರ ಮೇಲೂ ಕೇಸಾಗುತ್ತದೆ ಎಂದು ಯಾರೋ ಹೇಳಿದರಂತೆ, ಹೆಂಗಸರು ಗಂಡಸರು ಪೊರಕೆ ಹಿಡಿದು ಹುಲ್ಲನ್ನೆಲ್ಲ ನಮ್ಮ ಮನೆಯ ಪಕ್ಕದ ಖಾಲಿ ಜಾಗಕ್ಕೆ ತಳ್ಳಿದರು. ಪೊಲೀಸರು ಬಂದಾಗ ರಸ್ತೆ ಚೊಕ್ಕಟ, ಹುರುಳಿ ಪಕ್ಕದಲ್ಲಿ ರಾಶಿ. ನಾನು ಸಂಜೆ "ಕಣ" ಅಂದೆ. ಅವರು ಆ ಖಾಲಿ ಜಾಗವನ್ನೇ ಕಣ ಎಂದು ನಕ್ಷೆಯಲ್ಲಿ ಗುರುತು ಹಾಕಿದರು. ಟ್ಯಾಕ್ಸಿಯವನು ವೇಗದಲ್ಲಿ ರಸ್ತೆ ಬಿಟ್ಟು ಇಳಿದು, ಪಕ್ಕದ ಕಣದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿಗೆ ಹೊಡೆದ ಎಂದು ಕಾಗದವಾಯಿತು.

ಇದು ನನಗೆ ತಿಳಿದದ್ದು ಒಂದೂವರೆ ವರ್ಷದ ಮೇಲೆ.

ಆ ಒಂದೂವರೆ ವರ್ಷದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಬ್ಬನಿಗೆ ಅಡುಗೆ ಮಾಡುವ ಅಳತೆ ಕೈಗೆ ಹತ್ತಲು ನಾಲ್ಕೈದು ತಿಂಗಳು ಬೇಕಾಯಿತು. ದಿನಾ ಒಂದು ಮುದ್ದೆ ಹೆಚ್ಚಾಗುತ್ತಿತ್ತು. ಅದನ್ನು ನಾಯಿಗೆ ಹಾಕಿದರೆ ಅವಳಿಲ್ಲ ಎಂದು ಒಪ್ಪಿಕೊಂಡಂತೆ ಅನ್ನಿಸಿ ಬೆಳಿಗ್ಗೆ ನಾನೇ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದೆ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದಾದಾಗ "ಅಕ್ಕಾ" ಎಂದು ಕೂಗಿ, ಆಮೇಲೆ ಸೂಜಿಯನ್ನು ಬೆಳಕಿಗೆ ಹಿಡಿದು ನಾನೇ ಪೋಣಿಸುತ್ತಿದ್ದೆ. ರವಿಕೆ ಅಳತೆ ಕೊಡಲು ಬರುವ ಹೆಂಗಸರಿಗೆ ಟೇಪು ಹಿಡಿಯುತ್ತಿದ್ದವಳು ಅವಳು. ಅವಳು ಹೋದ ಮೇಲೆ ಅವರು ಹಳೆಯ ರವಿಕೆ ಕೊಟ್ಟು ಇದರಂತೆಯೇ ಹೊಲಿ ಎಂದು ಹೊಸಿಲ ಆಚೆಯಿಂದಲೇ ಹೋಗುತ್ತಿದ್ದರು. ಮನೆಯೊಳಗೆ ಹೆಂಗಸಿನ ದನಿ ಕೇಳಿಸುವುದು ಹಾಗೆ ನಿಂತಿತು.

ಒಂದು ಬೆಳಿಗ್ಗೆ ಬಸ್‌ಸ್ಟಾಪಿನ ಟೀ ಅಂಗಡಿಗೆ ಹೋದೆ. ನಾನು ಬಂದದ್ದನ್ನು ಯಾರೂ ನೋಡಿರಲಿಲ್ಲ. ಜೋರಾಗಿ ಓಡಿಸುವವರಿಗೆ ಏನು ಶಿಕ್ಷೆ ಕೊಡಬೇಕು ಎಂದು ಮಾತು ನಡೆದಿತ್ತು.

"ಗಾಡಿಗೆ ಬೆಂಕಿ ಇಕ್ಬೇಕು ಕಣ್ಲಾ. ಒಂದೆರಡು ಸುಟ್ರೆ ಎಲ್ಲಾ ನೆಟ್ಟಗಾಯ್ತಾರೆ."

"ಗಾಡಿ ಸುಟ್ರೆ ಓನರು ಅಳ್ತಾನೆ, ಡ್ರೈವರ್‌ಗೇನು? ಲೈಸೆನ್ಸ್ ಕಿತ್ಕೊಂಡು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟದಂಗೆ ಮಾಡ್ಬೇಕು."

"ನಿನ್ ಮಗನತ್ರ ಲೈಸೆನ್ಸೇ ಇಲ್ವಲ್ಲಪ್ಪಾ, ಅವ್ನದೇನ್ ಕಿತ್ಕಂತಾರೆ? ಮೀಸೆನಾ?"

ಎಲ್ಲರೂ ನಕ್ಕರು. ಪಂಚಾಯ್ತಿ ಸದಸ್ಯ ಗಂಭೀರವಾಗಿ, "ಅದೆಲ್ಲಾ ಬ್ಯಾಡ. ಊರ ಮುಂದೆ ಎರಡು ಹಂಪ್ ಹಾಕ್ಸಾನಾ. ಅರ್ಜಿ ಬರೀರಿ" ಎಂದ.

"ಹಂಪ್ ಹಾಕ್ಸಿದ್ರೆ ಗಾಡಿ ಎಲ್ಲಾ ತೆವಳ್ಕಂಡು ಬತ್ತವೆ. ಹುರುಳಿ ಹೆಂಗ್ಲಾ ಒಕ್ಕೋದು?"

ಅಷ್ಟರಲ್ಲಿ ನನ್ನನ್ನು ನೋಡಿದರು. ಒಬ್ಬ ಎದ್ದು ಬೆಂಚಿನಲ್ಲಿ ಜಾಗ ಕೊಟ್ಟ. ಟೀ ಅಂಗಡಿಯವನು ಕೇಳದೇ ಸಕ್ಕರೆ ಹೆಚ್ಚು ಹಾಕಿದ. ಹಂಪಿನ ಅರ್ಜಿ ಯಾರೂ ಬರೆಯಲಿಲ್ಲ. ಅದನ್ನು ಬರೆಯಬಹುದಾಗಿದ್ದವನು ನಾನು. ನಾನೂ ಬರೆಯಲಿಲ್ಲ.

ಆ ದಿನಗಳಲ್ಲಿ ನನ್ನ ಮನಸ್ಸಿನಲ್ಲೂ ಶಿಕ್ಷೆಯ ಯೋಚನೆಯೇ. ಅವನು ಒಳಗೆ ಹೋಗಬೇಕು, ವರ್ಷಗಟ್ಟಲೆ ಇರಬೇಕು. ಬಟ್ಟೆ ಕತ್ತರಿಸುವಾಗ ಅದನ್ನೇ ಎಣಿಸುತ್ತಿದ್ದೆ. ಬೇರೆ ಯಾವ ಆಸೆಯೂ ಇರಲಿಲ್ಲವಾದ್ದರಿಂದ ಅದೊಂದು ಜೊತೆಗಾರನಂತೆ ಮನೆಯಲ್ಲಿ ಇತ್ತು.

ಸಾಕ್ಷಿ ಹೇಳಲು ಅರಸೀಕೆರೆ ಕೋರ್ಟಿಗೆ ಬರಬೇಕೆಂದು ಸಮನ್ಸು ಬಂತು. ಒಂದು ವಾರ ಮುಂಚೆ ಸರ್ಕಾರದ ವಕೀಲರು ನನ್ನನ್ನು ಕೂರಿಸಿಕೊಂಡು ಪೊಲೀಸರ ಚಾರ್ಜ್‌ಶೀಟು ಓದಿದರು. "ರಸ್ತೆ ಪಕ್ಕದ ಕಣದಲ್ಲಿ" ಎಂಬಲ್ಲಿಗೆ ಬಂದಾಗ ನಾನು ತಡೆದೆ.

"ಪಕ್ಕದ ಕಣ ಅಲ್ಲ ಸಾರ್. ಕಣ."

"ಅದೇ ಅಲ್ವೇನ್ರೀ? ಕಣ ಅಂತಲೇ ಇದೆ."

"ರೋಡು ಸಾರ್. ನಾವು ಕಣ ಅನ್ನೋದು ರೋಡಿಗೆ."

ಅವರು ಕನ್ನಡಕ ತೆಗೆದು ಕಾಗದದ ಮೇಲಿಟ್ಟರು. ನಾನು ಎಲ್ಲ ಹೇಳಿದೆ, ಹಾಸಿದ್ದು, ಗುಡಿಸಿದ್ದು. "ನೋಡಿ, ನಾನು ನಿಮಗೆ ಸುಳ್ಳು ಹೇಳಿ ಅನ್ನಲ್ಲ" ಎಂದರು. "ಆದ್ರೆ ಈ ಕೇಸು ನಿಂತಿರೋದೇ ಗಾಡಿ ರಸ್ತೆ ಬಿಟ್ಟು ಬಂತು ಅನ್ನೋದರ ಮೇಲೆ. ಸ್ಪೀಡಿಗೆ ಬೇರೆ ಸಾಕ್ಷಿ ಇಲ್ಲ. ಕಾರಲ್ಲಿದ್ದೋರು ನಾವು ನಿದ್ದೆ ಮಾಡ್ತಿದ್ವಿ ಅಂದಿದ್ದಾರೆ. ಹುಲ್ಲಿನ ಮೇಲೆ ಜಾರಿದ್ದು ಅಂದ್ರೆ, ಅವನು ಬಿಡುಗಡೆ ಆಗಿ ಹೋಗ್ತಾನೆ."

ಊರಿಗೆ ಬಂದಾಗ ಪಕ್ಕದ ಮನೆಯವನು ಜಗಲಿಯಲ್ಲಿ ಕಾಯುತ್ತಿದ್ದ. ಅಕ್ಕನ ಹೆಣಕ್ಕೆ ಹೆಗಲು ಕೊಟ್ಟವನು ಅವನು.

"ಏನಂದ್ರು ಲಾಯರ್ರು?"

ಹೇಳಿದೆ. ಅವನು ಬೀಡಿ ಆರಿಸಿದ.

"ಬಾಯಿ ಮುಚ್ಕಂಡು ಕಾಗದದಲ್ಲಿರೋದನ್ನ ಹೇಳು. ಕಣ ಅಂದ್ಯಾ? ಕಣ ಅಂತ್ಲೇ ಹೇಳು. ಅದ್ರಲ್ಲಿ ಸುಳ್ಳೇನೈತೆ?"

"ಸುಳ್ಳಿಲ್ಲ."

"ಮತ್ತೆ? ರೋಡು ಅಂದ್ರೆ ಅವನೂ ಬಿಟ್ಟೋಯ್ತಾನೆ, ನಾಳೆ ನಮ್ ಮನೆಗೂ ನೋಟೀಸ್ ಬತ್ತದೆ. ನಿನ್ ಅಕ್ಕಂದು ತಪ್ಪು ಅಂತ ನೀನೇ ಹೇಳ್ದಂಗೆ. ಸತ್ತೋಳ ಮ್ಯಾಲೆ ಹಾಕ್ತೀಯಾ?"

ಆ ಕೊನೆಯ ಮಾತು ನನ್ನನ್ನು ವಾರವೆಲ್ಲ ಬಿಡಲಿಲ್ಲ. ಒಂದು ಪದ ಇದ್ದಹಾಗೆ ಇರಲು ಬಿಟ್ಟರೆ ಸಾಕು, ಟ್ಯಾಕ್ಸಿಯವನಿಗೆ ನಾನು ಬಯಸಿದ ಶಿಕ್ಷೆ ಸಿಗುತ್ತಿತ್ತು. ಸುಳ್ಳು ಹೇಳಿದಂತೆಯೂ ಆಗುತ್ತಿರಲಿಲ್ಲ. ಆದರೆ ಅಕ್ಕ ಸತ್ತ ಜಾಗ ಅದಲ್ಲ. ಅವಳು ನಿಂತಿದ್ದ ಜಾಗದಲ್ಲಿ ಅವಳನ್ನು ನಿಲ್ಲಿಸಿದವನು ನಾನು. ಅವಳನ್ನು ಎತ್ತಿ ಪಕ್ಕದ ಖಾಲಿ ಜಾಗಕ್ಕೆ ಇಟ್ಟರೆ, ನಾನು ಆ ಕಥೆಯಲ್ಲಿ ಎಲ್ಲಿಯೂ ಇರುವುದಿಲ್ಲ. ಅವಳು ಗೊತ್ತಿಲ್ಲದ ಯಾರೋ ಹೆಂಗಸಾಗುತ್ತಾಳೆ.

ಕೋರ್ಟಿಗೆ ಹೋದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ಕಟಕಟೆಯಲ್ಲಿ ನಿಲ್ಲಲು ಕಾಲು ಸಾಲದೆಂದು ಕುರ್ಚಿ ಕೊಟ್ಟರು. ಸರ್ಕಾರದ ವಕೀಲರು ನನ್ನ ಮುಖ ನೋಡದೇ ಕೇಳಿದರು, "ಘಟನೆ ನಡೆದಾಗ ನಿಮ್ಮ ಅಕ್ಕ ಎಲ್ಲಿದ್ದರು?"

"ಕಣದಲ್ಲಿ."

ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಟೈಪು ಮಾಡುವ ಹುಡುಗಿ ಮುಂದಿನ ಪ್ರಶ್ನೆಗೆ ಕೈ ಎತ್ತಿ ಕಾಯುತ್ತಿದ್ದಳು.

"ಕಣ ಅಂದ್ರೆ ರೋಡು ಸ್ವಾಮಿ" ಎಂದೆ. "ಟಾರು ರೋಡಿನ ಮೇಲೇ ಹುರುಳಿ ಹಾಸಿದ್ವಿ. ಅಲ್ಲಿ ನಿಂತಿದ್ದಳು. ಹಾಸು ಅಂದೋನು ನಾನು."

ಜಡ್ಜ್ ಸಾಹೇಬರು ಇನ್ನೊಂದು ಸಲ ಹೇಳಿ ಎಂದರು. ಇನ್ನೊಂದು ಸಲ ಹೇಳಿದೆ. ಟ್ಯಾಕ್ಸಿಯವನ ವಕೀಲರಿಗೆ ಆಮೇಲೆ ಕೇಳಲು ಹೆಚ್ಚೇನೂ ಉಳಿದಿರಲಿಲ್ಲ. ಹುಲ್ಲಿನ ಮೇಲೆ ಗಾಡಿ ಜಾರುವುದು ನಿಜವೇ ಎಂದರು, ನಿಜ ಎಂದೆ. ಕಾರಿನ ವೇಗ ನೀವು ಕಣ್ಣಾರೆ ನೋಡಿದ್ದೀರಾ ಎಂದರು, ಇಲ್ಲ, ತಲೆ ತಗ್ಗಿಸಿದ್ದೆ ಎಂದೆ.

ಹೊರಗೆ ವರಾಂಡದ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಟ್ಯಾಕ್ಸಿಯವನು ಬಂದು ಎದುರು ನಿಂತ. ಮೂವತ್ತು ದಾಟಿರದ ಮುಖ. ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು, ನಮ್ಮೂರಿನವರು ಹೊಡೆದದ್ದು. ಹೊಲಿಗೆ ಚೆನ್ನಾಗಿ ಹಾಕಿರಲಿಲ್ಲ.

"ಅಣ್ಣಾ" ಎಂದ. "ನೀವು ಹಂಗೆ ಹೇಳ್ತೀರ ಅಂತ ಅಂದ್ಕೊಂಡಿರ್ಲಿಲ್ಲ. ನಿಮ್ಮ ಋಣ…"

"ನಿನಗೋಸ್ಕರ ಹೇಳ್ಲಿಲ್ಲಪ್ಪಾ."

ಅವನು ಹೋಗಲಿಲ್ಲ. ಬೆಂಚಿನ ಆ ತುದಿಯಲ್ಲಿ ಕೂತ. ನಾನು ಕೇಳಿದೆ, "ಎಷ್ಟರಲ್ಲಿ ಬರ್ತಿದ್ದೆ?"

ಅವನು ಆಚೀಚೆ ನೋಡಿದ. ಅವನ ವಕೀಲರು ದೂರದಲ್ಲಿ ಯಾರ ಜೊತೆಗೋ ನಗುತ್ತಿದ್ದರು.

"ನೂರ ಹತ್ತಿತ್ತು ಅಣ್ಣಾ. ಬೇಲೂರಲ್ಲೇ ಲೇಟಾಗಿತ್ತು. ಹಳೇಬೀಡಲ್ಲಿ ಒಬ್ಬೊಬ್ಬರೂ ಒಂದೊಂದು ಗೊಂಬೆ ಮುಂದೆ ಫೋಟೋ. ಆಮೇಲೆ ಹಿಂದೆ ಕೂತ್ಕೊಂಡು ಟ್ರೇನು, ಟ್ರೇನು ಅಂತ. ಅರಸೀಕೆರೆ ಸ್ಟೇಷನ್ನಿಗೆ ಮುಟ್ಟಿಸ್ಬೇಕಿತ್ತು."

"ಅವರು ನಿದ್ದೆ ಮಾಡ್ತಿದ್ರಂತೆ."

"ಯಾರ್ ನಿದ್ದೆ ಮಾಡಿದ್ರು! ಹಿಂದಿಂದ ಗಡಿಯಾರ ತೋರಿಸ್ತಿದ್ರು." ಅವನೇ ಮುಂದುವರಿಸಿದ, "ಹುಲ್ಲು ದೂರದಿಂದ್ಲೇ ಕಂಡಿತ್ತು. ಈ ಕಡೆ ಎಲ್ಲಾ ಹಾಸ್ತಾರೆ, ಗೊತ್ತು. ನಿಧಾನ ಮಾಡ್ಲಿಲ್ಲ. ಜೋರು ಹೋದ್ರೆ ನಿಮಗೇ ಒಳ್ಳೇದಲ್ವಾ ಅಂದ್ಕೊಂಡೆ. ಅಕ್ಕನ್ನ ನೋಡಿದ್ದು ಕೊನೇಲಿ."

ಅಕ್ಕ ಎಂದ. ಎಲ್ಲರೂ ಎಲ್ಲರಿಗೂ ಹಾಗೆಯೇ ಅನ್ನುತ್ತಾರೆ. ಆದರೂ ಒಂದೂವರೆ ವರ್ಷದಲ್ಲಿ ಅವಳನ್ನು ನಿನ್ನ ಅಕ್ಕ ಎನ್ನದೆ ಬರೀ ಅಕ್ಕ ಎಂದು ಬೇರೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಊರಲ್ಲಿ ಎಲ್ಲರೂ "ಪಾಪ, ಅವಳು" ಎನ್ನುತ್ತಿದ್ದರು.

ನಾನು ಎಣಿಸಿಕೊಂಡಿದ್ದ ವರ್ಷಗಳು ಆಗ ಏಕೋ ಬೇಡವಾದವು. ಅವನು ಇನ್ನೊಂದು ಕೆಲಸ ಮಾಡಿದರೆ ಸಾಕು ಅನ್ನಿಸಿತು. "ಇದನ್ನ ಒಳಗೆ ಹೇಳು" ಎಂದೆ.

"ಅಯ್ಯೋ, ಹೇಳಿದ್ರೆ ಜೈಲೇ ಅಣ್ಣಾ."

"ಜೈಲಿಗೆ ಹೋಗು ಅಂತಿಲ್ಲ. ಹೇಳು ಅಂತಿದೀನಿ. ನಾನು ನಿಂತ ಜಾಗದಲ್ಲೇ ನಿಂತು, ನೂರ ಹತ್ತಿತ್ತು ಅನ್ನು. ಆಮೇಲೆ ಅವರು ಏನು ಬೇಕಾದ್ರೂ ಮಾಡ್ಲಿ, ನಂಗೆ ಸಾಕು."

ಅವನು ಅಂಗೈ ನೋಡಿಕೊಂಡು ಕೂತಿದ್ದ. "ನೋಡ್ತೀನಿ ಅಣ್ಣಾ" ಎಂದ. ಅವನ ವಕೀಲರು ಕರೆದರು, ಎದ್ದು ಹೋದ.

ಆರೋಪಿಯನ್ನು ನ್ಯಾಯಾಧೀಶರು ನೇರವಾಗಿ ಪ್ರಶ್ನೆ ಕೇಳುವ ದಿನವೊಂದಿರುತ್ತದೆ ಎಂದು ಸರ್ಕಾರದ ವಕೀಲರು ಹೇಳಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ಅರಸೀಕೆರೆ ಬಸ್ಸು ಹತ್ತಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವನು ಒಳಗೆ ಬರುವಾಗ ನನ್ನನ್ನು ನೋಡಿದ. ಜಡ್ಜ್ ಸಾಹೇಬರು ಸಾಕ್ಷಿಗಳು ಹೇಳಿದ್ದನ್ನು ಒಂದೊಂದಾಗಿ ಓದಿ, ಇದಕ್ಕೆ ಏನು ಹೇಳುತ್ತೀಯ ಎಂದು ಕೇಳುತ್ತಾ ಹೋದರು. ಪ್ರತಿಯೊಂದಕ್ಕೂ ಅವನು "ಸುಳ್ಳು" ಎನ್ನುತ್ತಿದ್ದ. ಹಾಗೆ ಹೇಳಲು ಕಲಿಸಿರುತ್ತಾರಂತೆ. ನಾನು ಹೇಳಿದ್ದನ್ನು ಓದಿದರು. ರಸ್ತೆಯಲ್ಲಿ ಹುರುಳಿ ಹಾಸಿತ್ತು ಎಂದಾಗ, "ನಿಜ" ಎಂದ. ಅತಿವೇಗದಲ್ಲಿ ಓಡಿಸಿಕೊಂಡು ಬಂದೆ ಎಂದಾಗ ತಡೆದ. ಅವನ ಕತ್ತು ನನ್ನ ಕಡೆಗೆ ಅರ್ಧ ತಿರುಗಿತು.

"ಸುಳ್ಳು" ಎಂದ.

ಬಿಡುಗಡೆಯಾದ ಸುದ್ದಿ ಸರ್ಕಾರದ ವಕೀಲರ ಗುಮಾಸ್ತರು ಫೋನಿನಲ್ಲಿ ಹೇಳಿದರು. ನಾನು ಗುಂಡಿ ಹೊಲಿಯುತ್ತಿದ್ದೆ. ಸರಿ ಎಂದೆ. ಆ ಸಂಜೆ ಪಕ್ಕದ ಮನೆಯವನು ನಮ್ಮ ಜಗಲಿಗೆ ಬರಲಿಲ್ಲ. ತನ್ನ ಅಂಗಳದಿಂದಲೇ, ನನಗೆ ಕೇಳುವಂತೆ ಹೆಂಡತಿಗೆ ಹೇಳಿದ, "ಇವ್ನ್ ಬಾಯಿಂದ್ಲೇ ಬಿಟ್ಟೋದ ಕಣೇ. ಒಡಹುಟ್ಟಿದೋನು ಅಂತೆ." ಅವನಿಗೆ ನೋಟೀಸೇನೂ ಬರಲಿಲ್ಲ. ಆದರೆ ಅವನು ನನ್ನ ಜೊತೆ ಮಾತು ಬಿಟ್ಟು ಈಗ ಎರಡು ಸುಗ್ಗಿ ಆಯಿತು. ಅವರ ಮನೆಯ ರವಿಕೆಗಳು ಜಾವಗಲ್ಲಿಗೆ ಹೋಗುತ್ತವೆ.

ನೂರ ಹತ್ತು ಎಂದು ಅವನು ನನ್ನೆದುರು ಒಪ್ಪಿದ್ದನ್ನು ಊರಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ಮೇಲಿನ ಕೋಪ ಇಳಿಯುತ್ತಿತ್ತೇನೋ. ಅದು ನನ್ನ ಬಾಯಿಂದ ಬರಬೇಕಾದ ಮಾತಲ್ಲ ಎಂದು ಸುಮ್ಮನಿದ್ದೆ. ಇಲ್ಲಿ ಬರೆಯುತ್ತಿರುವುದೇ ಮೊದಲು. ಇನ್ನು ಅವನು ಹೇಳುವುದಿಲ್ಲ ಎಂಬುದು ನನಗೆ ಖಾತ್ರಿಯಾಗಿದೆ.

ಆ ಬಿಳಿ ಟ್ಯಾಕ್ಸಿ ಈಗಲೂ ಇದೇ ದಾರಿಯಲ್ಲಿ ಓಡಾಡುತ್ತದೆ. ನಾನು ತಲೆ ಎತ್ತುವುದಿಲ್ಲ, ಶಬ್ದದಲ್ಲೇ ಗೊತ್ತಾಗುತ್ತದೆ. ಮಧ್ಯಾಹ್ನ, ರೈಲಿನ ಹೊತ್ತಿಗೆ ಬರುತ್ತದೆ. ನಮ್ಮ ಮನೆ ಹತ್ತಿರವಾದಾಗ ಗೇರು ಇಳಿಸುತ್ತಾನೆ. ಕಿಟಕಿಯ ಮುಂದೆ ಕಾಲುನಡಿಗೆಯವರಷ್ಟು ನಿಧಾನವಾಗಿ ಹಾಯುತ್ತಾನೆ. ಮನೆ ದಾಟಿ, ಬಸ್‌ಸ್ಟಾಪು ದಾಟಿ, ಊರಿನ ಕೊನೆಯ ತೆಂಗಿನ ತೋಟದ ಹತ್ತಿರ ಹೋದ ಮೇಲೆ ಮತ್ತೆ ಆಕ್ಸಿಲರೇಟರ್ ಒತ್ತುತ್ತಾನೆ. ಅದು ಬಹಳ ದೂರ ಹೋಗುವವರೆಗೂ ಕೇಳಿಸುತ್ತದೆ.